ಮಕ್ಕಳಿಗೆ ಒಂದಿಷ್ಟು ಮಣ್ಣು, ಒಂದಿಷ್ಟು ನೆರಳು

ಬೇಸಿಗೆ ರಜೆ ಆರಂಭವಾಗುತ್ತಿದ್ದಂತೆಯೇ ತಾಯಂದಿರ ಚಿಂತೆಯೂ ಆರಂಭವಾಗುತ್ತದೆ. ಮಗು ಮನೆಯೊಳಗಿದ್ದರೆ ಕೈಯಲ್ಲಿ ಮೊಬೈಲ್. ಹೊರಗೆ ಹೋದರೆ ಎಲ್ಲಿಗೆ ಹೋಯಿತೋ ಎಂಬ ಆತಂಕ. "ಬಿಸಿಲಿಗೆ ಹೋಗಬೇಡ", "ಮಣ್ಣು ಮುಟ್ಟಬೇಡ, ಬಟ್ಟೆ ಕೊಳೆಯಾಗುತ್ತೆ", "ಮರ ಹತ್ತಬೇಡ, ಬೀಳ್ತೀಯಾ" - ಬೆಳಗಿನಿಂದ ಸಂಜೆಯವರೆಗೆ ನಾವು ಮಕ್ಕಳಿಗೆ ಹೇಳುವ ಮಾತುಗಳಲ್ಲಿ ಹೆಚ್ಚಿನವು 'ಬೇಡ'ಗಳೇ. ಹಾಗಾದರೆ ಅವರು ಎಲ್ಲಿ ಆಡಬೇಕು? ಏನನ್ನು ಮುಟ್ಟಬೇಕು? ಈ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಉತ್ತರವಿರುವುದಿಲ್ಲ.

ನಾವು ಉತ್ತರ ಕೊಡದಿದ್ದರೆ ಮಕ್ಕಳು ತಾವೇ ಹುಡುಕಿಕೊಳ್ಳುತ್ತಾರೆ. ಆಡದೆ ಇರುವ ಮಗುವಿಲ್ಲ. ಅಂಗಳವಿಲ್ಲದ ಮಗು ರಸ್ತೆಯಲ್ಲಿ ಆಡುತ್ತದೆ, ರಸ್ತೆಯಿಂದ ಓಡಿಸಿದರೆ ಊರ ಹೊರಗಿನ ಕೆರೆಯ ಕಡೆಗೋ ಕಲ್ಲುಕ್ವಾರಿಯ ಕಡೆಗೋ ನಡೆಯುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಯಂದಿರು ಈ ಮಾತನ್ನು ಇಂದು ವಿಶೇಷವಾಗಿ ಗಮನಿಸಬೇಕಾಗಿದೆ.

ಕೆರೆಯಂಗಳ ಮೊದಲಿನಂತಿಲ್ಲ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಇಲ್ಲಿನ ಜೀವಾಳ ಕೆರೆಗಳು. ಆದರೆ ಬರಗಾಲಗಳು ಒಂದರ ಹಿಂದೆ ಒಂದು ಬಂದು ಎಷ್ಟೋ ಕೆರೆಗಳು ವರ್ಷಗಟ್ಟಲೆ ಒಣಗಿ ನಿಂತಿದ್ದವು. ಇಂದಿನ ತಂದೆ ತಾಯಂದಿರಲ್ಲಿ ಅನೇಕರಿಗೆ ಒಣಗಿದ ಕೆರೆಯಂಗಳವೇ ಆಟದ ಮೈದಾನವಾಗಿತ್ತು. ಕ್ರಿಕೆಟ್ ಅಲ್ಲೇ, ಗಾಳಿಪಟ ಅಲ್ಲೇ, ಚಿನ್ನಿದಾಂಡು ಅಲ್ಲೇ.

2018ರ ಜೂನ್ ತಿಂಗಳಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರ ತಾಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಿತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ 126 ಕೆರೆಗಳನ್ನು ತುಂಬಿಸಿ ಅಂತರ್ಜಲ ಹೆಚ್ಚಿಸುವ ಯೋಜನೆಯದು. 2021ರ ನವೆಂಬರ್‌ನಲ್ಲಿ ಸುರಿದ ಭಾರೀ ಮಳೆಗೆ ಇನ್ನೂ ಅನೇಕ ಕೆರೆಗಳು ಕೋಡಿ ಹರಿದವು. ರೈತರಿಗೆ ಇದು ಸಂತೋಷದ ವಿಷಯ. ಆದರೆ ತಾಯಂದಿರು ಒಂದು ಮಾತು ನೆನಪಿಡಬೇಕು. ಅಪ್ಪ ಓಡಾಡಿ ಬೆಳೆದ ಕೆರೆಯಂಗಳದಲ್ಲಿ ಇಂದು ಮಗ ಓಡಾಡುವಂತಿಲ್ಲ. ಇಟ್ಟಿಗೆಗೆ, ಹೊಲಕ್ಕೆ, ಮನೆ ಕಟ್ಟಲು ಮಣ್ಣು ತೆಗೆದ ಗುಂಡಿಗಳು ಕೆರೆಯ ತಳದಲ್ಲಿವೆ. ನೀರು ನಿಂತಾಗ ಅವು ಕಾಣುವುದಿಲ್ಲ. ಮೊಣಕಾಲಿನ ಆಳದ ನೀರಿನಲ್ಲಿ ನಡೆಯುತ್ತಿದ್ದ ಮಗು ಮುಂದಿನ ಹೆಜ್ಜೆಗೆ ತಲೆ ಮುಳುಗುವ ಆಳಕ್ಕೆ ಇಳಿಯಬಹುದು. ನೀರೇ ಇಲ್ಲದ ಕಾಲದಲ್ಲಿ ಬೆಳೆದ ಹೆತ್ತವರಿಗೆ ಈಜು ಬರುವುದಿಲ್ಲ. ಆದ್ದರಿಂದ ಮಕ್ಕಳಿಗೂ ಬರುವುದಿಲ್ಲ.

ಕೃಷಿ ಹೊಂಡಗಳ ಕಥೆಯೂ ಹೀಗೆಯೇ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ನಂತರ ಒಣಭೂಮಿಯ ಹೊಲಗಳಲ್ಲಿ ಹೊಂಡಗಳು ಬಂದಿವೆ. ಅನೇಕ ಹೊಂಡಗಳಿಗೆ ನೀರು ಇಂಗದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಲಾಗಿದೆ. ಈ ಹಾಳೆ ಒದ್ದೆಯಾದರೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ. ಜಾರಿ ಬಿದ್ದ ಮಗು ಮೇಲೆ ಹತ್ತಲು ಹಿಡಿತವೇ ಇರುವುದಿಲ್ಲ. ಇನ್ನು ಕೆಲಸ ನಿಂತ ಕಲ್ಲುಕ್ವಾರಿಗಳಲ್ಲಿ ಮಳೆನೀರು ತುಂಬಿದರೆ ದಡವೆಂಬುದೇ ಇಲ್ಲ, ಅಂಚಿನಿಂದಲೇ ಆಳ. ಕೈಬಿಟ್ಟ ಕೊಳವೆಬಾವಿಗಳನ್ನು ಮಣ್ಣು, ಮರಳು, ಕಲ್ಲುಗಳಿಂದ ನೆಲಮಟ್ಟದವರೆಗೆ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ನಿರ್ದೇಶನ ನೀಡಿದೆ. ನಮ್ಮ ಬೀದಿಯ ಕೊನೆಯಲ್ಲಿರುವ ಕೊಳವೆಬಾವಿ ಮುಚ್ಚಿದೆಯೇ ಎಂದು ನೋಡಿದವರು ಎಷ್ಟು ಮಂದಿ?

ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಹೊರತಂದ ವರದಿಯಂತೆ, 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಸುಮಾರು ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಇದನ್ನು ತಡೆಯಲು ಸಂಸ್ಥೆ ಸೂಚಿಸುವ ಕ್ರಮಗಳಲ್ಲಿ ಬೇಲಿ ಇದೆ, ಈಜು ಕಲಿಕೆ ಇದೆ. ಅವುಗಳ ಜೊತೆಗೆ ಇನ್ನೊಂದಿದೆ: ಪುಟ್ಟ ಮಕ್ಕಳಿಗೆ ನೀರಿನಿಂದ ದೂರದಲ್ಲಿ, ದೊಡ್ಡವರ ಕಣ್ಣಳತೆಯಲ್ಲಿ ಸುರಕ್ಷಿತವಾದ ಒಂದು ಜಾಗ. ಅಂದರೆ ಆಟದ ಜಾಗವೆಂಬುದು ಉಳ್ಳವರ ಶೋಕಿಯಲ್ಲ. ಅದು ಮಗುವಿನ ಪ್ರಾಣರಕ್ಷಣೆಯ ವಿಷಯ.

ಕಬ್ಬಿಣದ ಆಟಿಕೆಯೇ ಬೇಕೆಂದಿಲ್ಲ

ಆಟದ ಜಾಗ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಪಾರ್ಕಿನ ಬಣ್ಣಬಣ್ಣದ ಕಬ್ಬಿಣದ ಸಲಕರಣೆಗಳು. "ಅದಕ್ಕೆಲ್ಲ ದುಡ್ಡೆಲ್ಲಿದೆ?" ಎಂದು ಸುಮ್ಮನಾಗುತ್ತೇವೆ. ಆದರೆ 'ಜಾರುಬಂಡೆ' ಎಂಬ ನಮ್ಮ ಪದವನ್ನೇ ನೋಡಿ. ಅದರಲ್ಲಿರುವುದು ಕಬ್ಬಿಣವಲ್ಲ, ಬಂಡೆ! ಮರಕೋತಿ ಆಟದ ಹೆಸರಿನಲ್ಲೇ ಮರವಿದೆ. ಕಲ್ಲಾಟಕ್ಕೆ ಐದು ಕಲ್ಲು ಸಾಕು. ಕುಂಟೆಬಿಲ್ಲೆಗೆ ಹೆಂಚಿನ ಚೂರು ಸಾಕು. ಲಗೋರಿಗೆ ಏಳು ಬಿಲ್ಲೆ ಸಾಕು. ನಮ್ಮ ಹಿರಿಯರ ಆಟಗಳೆಲ್ಲ ನೆಲದಿಂದಲೇ ಹುಟ್ಟಿದವು. ಕಬ್ಬಿಣದ ಜಾರುಬಂಡೆಯಾದರೋ ಏಪ್ರಿಲ್ ತಿಂಗಳ ಮಧ್ಯಾಹ್ನ ಮಗುವಿನ ತೊಡೆ ಸುಡುವಷ್ಟು ಕಾಯುತ್ತದೆ.

ಮಣ್ಣು, ಮರಳು, ಕಲ್ಲು, ಮರದ ದಿಮ್ಮಿ, ಗಿಡ, ಬಳ್ಳಿ, ನೆರಳು, ಸ್ವಲ್ಪ ನೀರು - ಇವುಗಳಿಂದಾದ ಜಾಗವೇ ನೈಸರ್ಗಿಕ ಆಟದ ಜಾಗ. ಇದನ್ನು ಜಗತ್ತಿನ ಬೇರೆ ಕಡೆಗಳಲ್ಲಿಯೂ ಗಂಭೀರವಾಗಿ ಯೋಚಿಸಿದ್ದಾರೆ. ಡೆನ್ಮಾರ್ಕಿನ ಉದ್ಯಾನ ವಿನ್ಯಾಸಕಾರ ಸೋರೆನ್‌ಸೆನ್ ಎಂಬವರು ತಾವು ರೂಪಿಸಿದ ಅಂದವಾದ ಆಟದ ಮೈದಾನಗಳಿಗಿಂತ ಕಟ್ಟಡ ಕಟ್ಟುವ ಜಾಗದ ಹಲಗೆ, ಇಟ್ಟಿಗೆ, ಮಣ್ಣುಗುಡ್ಡೆಗಳಲ್ಲೇ ಮಕ್ಕಳು ಹೆಚ್ಚು ಖುಷಿಯಿಂದ ಆಡುವುದನ್ನು ಗಮನಿಸಿದರು. 1943ರಲ್ಲಿ ಕೋಪನ್‌ಹೇಗನ್ ನಗರದ ಎಂಡ್ರಪ್ ಎಂಬಲ್ಲಿ ಅಂತಹುದೇ ವಸ್ತುಗಳ ಆಟದ ಜಾಗ ಆರಂಭವಾಯಿತು. ನಮ್ಮ ಕರ್ನಾಟಕದಲ್ಲೇ ಡಾ. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಮರಗಿಡಗಳ ನಡುವೆ ಮಕ್ಕಳ ಕಲಿಕೆಯ ಪ್ರಯೋಗ ನಡೆಸಿದ್ದರು.

ಇದರ ಹಿಂದಿರುವ ತತ್ವ ಸರಳ. ಅಂಗಡಿಯಿಂದ ತಂದ ಕಾರು ಕಾರೇ ಆಗಿರುತ್ತದೆ. ಆದರೆ ಒಂದು ಕೋಲು ಇಂದು ಕುದುರೆ, ನಾಳೆ ನೇಗಿಲು, ನಾಡಿದ್ದು ಮೇಷ್ಟರ ಬೆತ್ತ. ಮಗು ಯೋಚಿಸಬೇಕು, ಜೊತೆಗಾರರೊಂದಿಗೆ ಮಾತನಾಡಬೇಕು, ಜಗಳವಾಡಿ ರಾಜಿಯಾಗಬೇಕು. ಮೊಬೈಲು ಕೊಡಲಾರದ ಪಾಠಗಳಿವು.

ಮಣ್ಣಿನಿಂದ ರೋಗ ಬರುವುದಿಲ್ಲವೇ?

ತಾಯಂದಿರ ಮೊದಲ ಪ್ರಶ್ನೆಯೇ ಇದು. ಫಿನ್‌ಲ್ಯಾಂಡ್ ದೇಶದ ಸಂಶೋಧಕರು ಕೆಲವು ಶಿಶುವಿಹಾರಗಳ ಬರಡು ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲುಹಾಸು ಹಾಕಿಸಿ ಗಿಡ ನೆಡಿಸಿದರು. 3ರಿಂದ 5 ವರ್ಷದ ಮಕ್ಕಳು 28 ದಿನ ಅಲ್ಲಿ ಆಡಿದರು. ಅವರ ಚರ್ಮದ ಮೇಲೆ ಉಪಯುಕ್ತ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ರಕ್ತಪರೀಕ್ಷೆಯಲ್ಲಿ ರೋಗನಿರೋಧಕ ವ್ಯವಸ್ಥೆಯ ಸಮತೋಲನ ಸುಧಾರಿಸುವ ಲಕ್ಷಣಗಳು ಕಂಡವು. 2020ರಲ್ಲಿ ಇದು ಪ್ರಕಟವಾಯಿತು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಕಳೆಯಲು ಅವಕಾಶ ಕೊಟ್ಟರು. 3 ವರ್ಷಗಳ ನಂತರ ಆ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಹೊಸದಾಗಿ ಕಾಣಿಸಿಕೊಂಡದ್ದು ಶೇ. 30ರಷ್ಟು ಮಂದಿಗೆ. ಉಳಿದ ಶಾಲೆಗಳಲ್ಲಿ ಸುಮಾರು ಶೇ. 40. 2015ರಲ್ಲಿ ಪ್ರಕಟವಾದ ಈ ಫಲಿತಾಂಶ, ಪುಟ್ಟ ಮಕ್ಕಳಿಗೂ ಕನ್ನಡಕ ಬರುತ್ತಿರುವ ಈ ದಿನಗಳಲ್ಲಿ ಗಮನಾರ್ಹ.

ಹಾಗೆಂದು ಸಿಕ್ಕಿದ ಮಣ್ಣಿನಲ್ಲೆಲ್ಲ ಆಡಿಸಬೇಕೆಂದಲ್ಲ. ಚರಂಡಿ ಪಕ್ಕದ ಮಣ್ಣು, ಹಳೆ ಬ್ಯಾಟರಿ ಅಂಗಡಿ ಹಾಗೂ ಕಾರ್ಖಾನೆಗಳ ಸುತ್ತಲಿನ ಮಣ್ಣು ಬೇಡ. 2001ರಲ್ಲಿ ಮುಚ್ಚಿದ ಕೆ.ಜಿ.ಎಫ್. ಚಿನ್ನದ ಗಣಿಯ 'ಸೈನೈಡ್ ದಿಬ್ಬ'ಗಳ ಮರಳಂತೂ ಬೇಡವೇ ಬೇಡ. ಕ್ರಷರ್‌ನ ಕಲ್ಲುಪುಡಿಯ ಧೂಳು ಶ್ವಾಸಕೋಶಕ್ಕೆ ಹಾನಿಕರ, ಅದನ್ನು ಮಕ್ಕಳ ಮರಳುಗುಂಡಿಗೆ ತರಬಾರದು. ನಾಯಿ ಬೆಕ್ಕುಗಳು ಮಲಿನ ಮಾಡದಂತೆ ರಾತ್ರಿ ಮರಳಿನ ಮೇಲೆ ಗೋಣಿ ತಾಟು ಮುಚ್ಚಿ. ಆಟ ಮುಗಿದ ಮೇಲೆ ಸೋಪು ಹಾಕಿ ಕೈಕಾಲು ತೊಳೆಸಿ, ಉಗುರು ಕತ್ತರಿಸಿ. ಫೆಬ್ರವರಿ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ ಮತ್ತು ಅಂಗನವಾಡಿಗಳಲ್ಲಿ ಕೊಡುವ ಮಾತ್ರೆಯನ್ನು ತಪ್ಪಿಸಬೇಡಿ. ಧನುರ್ವಾಯುವಿನ ಚುಚ್ಚುಮದ್ದು ಸಕಾಲದಲ್ಲಿ ಹಾಕಿಸಿ. ಇಷ್ಟು ಮಾಡಿದರೆ ಮಣ್ಣಿಗೆ ಹೆದರಬೇಕಾಗಿಲ್ಲ.

ನಮ್ಮಲ್ಲೇ ಇರುವ ಸಾಮಾನು

ಈ ನಾಲ್ಕು ತಾಲೂಕುಗಳಲ್ಲಿ ಸಾಮಾನಿಗೆ ಬರವಿಲ್ಲ. ಮಾಲೂರು ಇಟ್ಟಿಗೆ ಹೆಂಚುಗಳಿಗೆ ಹೆಸರಾದ ಊರು. ಅಲ್ಲಿ ಜೇಡಿಮಣ್ಣು ಸಿಗುವುದು ಕಷ್ಟವಲ್ಲ. ಒಂದು ಬಾಂಡ್ಲಿ ಜೇಡಿಮಣ್ಣು ತಂದು ನೆನೆಸಿಟ್ಟರೆ ಒಲೆ, ಮಡಕೆ, ಎತ್ತು, ಗಾಡಿ ಎಂದು ಮಕ್ಕಳು ವಾರವಿಡೀ ಆಡುತ್ತಾರೆ. ಮುಳಬಾಗಿಲು ಬಂಡೆಗಳ ನಾಡು. ಅಂಚು ಚೂಪಿಲ್ಲದ ಕಲ್ಲುಗಳನ್ನೂ ಚಪ್ಪಡಿಗಳನ್ನೂ ಹೆಜ್ಜೆಗೊಂದರಂತೆ ನೆಲದಲ್ಲಿ ಅರ್ಧ ಹೂತರೆ ಜಿಗಿಯುವ ದಾರಿ ಸಿದ್ಧ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕೊಯ್ಲಿನ ನಂತರ ಕೊಂಬೆ ಸವರುತ್ತಾರೆ. ಆ ದಪ್ಪ ಕೊಂಬೆಗಳ ತುಂಡುಗಳೇ ಕೂರುವ ಮಣೆ, ಸಮತೋಲದ ಆಟಕ್ಕೆ ದಿಮ್ಮಿ. ತೋಪಿನ ನೆರಳಿನಷ್ಟು ಒಳ್ಳೆಯ ಆಟದ ಜಾಗ ಇನ್ನೊಂದಿಲ್ಲ. ಆದರೆ ಹೂಬಿಡುವ ಕಾಲದಲ್ಲಿ ಜಿಗಿಹುಳುವಿಗೆ ಔಷಧಿ ಹೊಡೆಯುತ್ತಾರೆ. ಆ ದಿನಗಳಲ್ಲಿ ಮಕ್ಕಳನ್ನು ತೋಪಿಗೆ ಕಳಿಸಬಾರದು. ಉದುರಿದ ಕಾಯಿಯನ್ನು ತೊಳೆಯದೆ ಬಾಯಿಗೆ ಹಾಕದಂತೆಯೂ ಕಲಿಸಬೇಕು.

ಕೋಲಾರದ ಕಡೆ ರೇಷ್ಮೆ ಇದೆ, ಟೊಮ್ಯಾಟೊ ಇದೆ. ರೇಷ್ಮೆಹುಳು ಗೂಡು ಕಟ್ಟಲು ಬಳಸಿ ಬಿಟ್ಟ ಹಳೆಯ ಬಿದಿರಿನ ಚಂದ್ರಿಕೆಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಬಿದ್ದಿವೆ. ಎರಡು ಚಂದ್ರಿಕೆಗಳನ್ನು ಒಂದಕ್ಕೊಂದು ಒರಗಿಸಿ ಕಟ್ಟಿದರೆ ಮಕ್ಕಳಿಗೊಂದು ಗುಡಿಸಲು. ಒಡೆಯದ ಟೊಮ್ಯಾಟೊ ಕ್ರೇಟುಗಳು ಅವರಿಗೆ ಅಂಗಡಿ, ಬಸ್ಸು, ಗೋಡೆ ಎಲ್ಲವೂ.

ಹತ್ತಡಿ ಜಾಗದಲ್ಲಿ ಏನು ಮಾಡಬಹುದು?

10 ಅಡಿ ಉದ್ದ, 10 ಅಡಿ ಅಗಲದ ಅಂಗಳವಿದ್ದರೂ ಆರಂಭಿಸಬಹುದು.

ಮೊದಲು ನೆರಳು. ನೆರಳಿಲ್ಲದ ಆಟದ ಜಾಗ ನಮ್ಮ ಬಿಸಿಲಿನಲ್ಲಿ ಬೆಳಗ್ಗೆ ಹತ್ತು ಗಂಟೆಗೇ ಖಾಲಿಯಾಗುತ್ತದೆ. ಜಾಗವಿದ್ದವರು ಹೊಂಗೆ ಅಥವಾ ಬೇವು ನೆಡಲಿ. ಹತ್ತಿ ಆಡಲು ಸೀಬೆ ಗಿಡ ಒಳ್ಳೆಯದು, ಕೊಂಬೆ ತಗ್ಗಿನಲ್ಲೇ ಇರುತ್ತದೆ, ಗಟ್ಟಿಯೂ ಹೌದು. ನುಗ್ಗೆಮರ ಹತ್ತಲು ಬಿಡಬೇಡಿ, ಅದರ ಕೊಂಬೆ ಥಟ್ಟನೆ ಮುರಿಯುತ್ತದೆ. ಗಿಡ ಬೆಳೆಯುವವರೆಗೆ ಹೀರೆ, ಸೋರೆ ಅಥವಾ ಚಪ್ಪರದವರೆಯ ಬಳ್ಳಿ ಹಬ್ಬಿಸಿ. ಅಡುಗೆಗೆ ಕಾಯಿ, ಮಕ್ಕಳಿಗೆ ನೆರಳು. ಬಟ್ಟೆ ಜಾಲಿಸಿದ ನೀರು, ಅಕ್ಕಿ ತೊಳೆದ ನೀರು ಗಿಡಕ್ಕಾಗುತ್ತದೆ.

ಎರಡನೆಯದು ಮರಳಿನ ಗುಂಡಿ. 4 ಅಡಿ ಚೌಕದಲ್ಲಿ ಅಗೆದು, ಅಂಚಿಗೆ ಇಟ್ಟಿಗೆ ಹೂತು, ಜರಡಿ ಹಿಡಿದ ಮರಳು ತುಂಬಿಸಿ. ಹತ್ತುವ ದಿಮ್ಮಿ ಅಥವಾ ದಿಬ್ಬವನ್ನು ಈ ಮರಳಿನ ಪಕ್ಕದಲ್ಲೇ ಇಟ್ಟರೆ ಬಿದ್ದರೂ ಪೆಟ್ಟು ಕಡಿಮೆ. 4 ಅಡಿ ಎತ್ತರದಿಂದ ಬೀಳುವ ಮಗುವಿಗೆ 9 ಇಂಚು ದಪ್ಪದ ಸಡಿಲ ಮರಳು ಬೇಕೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿ ಹೇಳುತ್ತದೆ. ಸಿಮೆಂಟ್ ನೆಲದ ಮೇಲೆ ಎತ್ತರದ ಆಟ ಬೇಡ.

ಮೂರನೆಯದು ನೀರು. ಅರ್ಧ ಬಕೆಟ್ ನೀರು, ಎರಡು ಚೊಂಬು ಸಾಕು. ಆಟವಾದ ಕೂಡಲೇ ಆ ನೀರನ್ನು ಗಿಡಕ್ಕೆ ಚೆಲ್ಲಿಬಿಡಿ. ತಲೆ ತಗ್ಗಿಸಿ ಬಿದ್ದ ಎಳೆಯ ಮಗುವಿಗೆ ಬಕೆಟ್ಟಿನ ನೀರೂ ಅಪಾಯವೇ. ಹಳೆ ಟೈರು ಬಳಸುವವರು ಅದಕ್ಕೆ ಅಡಿಯಲ್ಲಿ ತೂತು ಕೊರೆಯಲಿ, ಇಲ್ಲವಾದರೆ ಮಳೆನೀರು ನಿಂತು ಡೆಂಗ್ಯೂ ಸೊಳ್ಳೆಗೆ ತೊಟ್ಟಿಲಾಗುತ್ತದೆ.

ನಾಲ್ಕನೆಯದು ಉಯ್ಯಾಲೆ. ಕೊಂಬೆ ದೊಡ್ಡವರ ತೊಡೆಯಷ್ಟು ದಪ್ಪವಿರಲಿ. ಮೊದಲು ದೊಡ್ಡವರು ತೂಗಿ ನೋಡಲಿ. ಪ್ರತಿ ವಾರ ಹಗ್ಗ ಪರೀಕ್ಷಿಸಿ. ಹೆಣ್ಣುಮಕ್ಕಳು ಉಯ್ಯಾಲೆ ಹತ್ತುವ ಮುನ್ನ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳಲಿ. ಅದು ಹಗ್ಗಕ್ಕೆ ಸಿಕ್ಕಿ ಕುತ್ತಿಗೆಗೆ ಉರುಳಾಗಬಾರದು.

ಕಣಗಿಲೆ, ದತ್ತೂರ, ಹರಳುಬೀಜ, ಗುಲಗಂಜಿ - ಇವು ವಿಷ. ಆಟದ ಜಾಗದ ಸುತ್ತ ಇರಕೂಡದು. ಪಾರ್ಥೇನಿಯಂ ಕಿತ್ತುಹಾಕಿ. ಕಲ್ಲು, ದಿಮ್ಮಿಗಳನ್ನು ಗೋಡೆಗೆ ಒತ್ತಿ ರಾಶಿ ಹಾಕಬೇಡಿ, ಚೇಳು ಹಾವುಗಳು ಸೇರಿಕೊಳ್ಳುತ್ತವೆ. ಬೆಳಗ್ಗೆ ಒಮ್ಮೆ ಕೋಲಿನಿಂದ ತಟ್ಟಿ ನೋಡುವ ಅಭ್ಯಾಸವಿರಲಿ.

ಅಂಗಳವಿಲ್ಲದವರು ತಾರಸಿಯನ್ನು ಬಳಸಬಹುದು. ಆದರೆ ಗಟ್ಟಿಯಾದ, ಎದೆಯೆತ್ತರದ ಕಟ್ಟೆಗೋಡೆಯಿಲ್ಲದ ತಾರಸಿಗೆ ಮಕ್ಕಳನ್ನು ಬಿಡಬೇಡಿ.

ಹೆಣ್ಣುಮಕ್ಕಳು ಎಲ್ಲಿ ಹೋದರು?

ಯಾವುದೇ ಮೈದಾನಕ್ಕೆ ಸಂಜೆ ಹೋಗಿ ನೋಡಿ. ಹತ್ತು ವರ್ಷ ದಾಟಿದ ಹುಡುಗಿಯರು ಎಷ್ಟು ಮಂದಿ ಕಾಣುತ್ತಾರೆ? ನಡುವೆ ಹುಡುಗರ ಕ್ರಿಕೆಟ್. ಚೆಂಡು ಬಿದ್ದಲ್ಲೆಲ್ಲ ಅವರದೇ ಜಾಗ. "ಇನ್ನೇನು ದೊಡ್ಡವಳಾದೆ, ಒಳಗೆ ಬಾ" ಎಂಬ ಕರೆ ಹುಡುಗಿಗೆ ಬರುತ್ತದೆ. ಅವಳ ತಮ್ಮನಿಗೆ ಬರುವುದಿಲ್ಲ. ಅವಳ ಆಟ ಅಲ್ಲಿಗೆ ಮುಗಿಯಿತು. ಬಿಸಿಲು ಸೋಕದೆ ಮೂಳೆ ದುರ್ಬಲವಾಗುವುದು, ಬೇಗನೆ ದಣಿವು, ಮನಸ್ಸಿನ ಮಂಕು - ಇವು ಮುಂದೆ ಬರುವ ತೊಂದರೆಗಳು.

ಇದು ನಮ್ಮ ಸಮಾಜದ ಸಮಸ್ಯೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ನಡೆದ ಅಧ್ಯಯನವೊಂದರಲ್ಲಿ, 9 ವರ್ಷದ ನಂತರ ಪಾರ್ಕುಗಳಿಂದ ಹುಡುಗಿಯರು ಇದ್ದಕ್ಕಿದ್ದಂತೆ ಮರೆಯಾಗುತ್ತಾರೆಂದು ತಿಳಿದುಬಂತು. ಜಾಗಕ್ಕಾಗಿ ಹುಡುಗರೊಂದಿಗೆ ಸೆಣಸುವ ಬದಲು ಅವರು ಹೊರಟುಹೋಗುತ್ತಿದ್ದರು. 1999ರಲ್ಲಿ ನಗರಾಡಳಿತ ಎರಡು ಪಾರ್ಕುಗಳನ್ನು ಬದಲಾಯಿಸಿತು. ದೊಡ್ಡ ಬಯಲನ್ನು ಗಿಡಗಂಟಿ, ಕಾಲುದಾರಿಗಳಿಂದ ಸಣ್ಣ ಸಣ್ಣ ಜಾಗಗಳಾಗಿ ವಿಂಗಡಿಸಿತು. ಹುಡುಗಿಯರು ಮರಳಿ ಬಂದರು. ಹುಡುಗರನ್ನು ಯಾರೂ ಓಡಿಸಲಿಲ್ಲ. ಜಾಗದ ರೂಪ ಬದಲಾದದ್ದೇ ಸಾಕಾಯಿತು.

ನಾವೂ ಇದನ್ನು ಮಾಡಬಹುದು. ಒಂದೇ ದೊಡ್ಡ ಬಯಲಿನ ಬದಲು ಒಂದು ಬೇಲಿಸಾಲು, ಒಂದು ಚಪ್ಪರ, ಕೂರಲು ಕಲ್ಲುಬೆಂಚು, ಕುಂಟೆಬಿಲ್ಲೆಗೆ ಬಿಡಿಸಿದ ಮನೆ, ಉಯ್ಯಾಲೆ ಇರಲಿ. ತಾಯಂದಿರು, ನಾನಿ ದಾದಿಯರು ಸೊಪ್ಪು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಅಲ್ಲೇ ಕೂರಲು ಜಾಗವಿರಲಿ. ನಾಲ್ಕು ಹೆಂಗಸರ ಕಣ್ಣಿರುವ ಜಾಗಕ್ಕೆ ಯಾವ ಕಾವಲುಗಾರನೂ ಬೇಡ. ಅಂತಹ ಜಾಗಕ್ಕೆ ಮಗಳನ್ನು ಕಳಿಸಲು ಯಾವ ಅಬ್ಬನೂ ಹಿಂಜರಿಯಲಾರ.

ಎಲ್ಲರೂ ಸೇರಿ ಮಾಡಬೇಕಾದ್ದು

ಮನೆಯಂಗಳ ಇಲ್ಲದವರೇ ಹೆಚ್ಚು. ಅವರಿಗೆ ಶಾಲೆ, ಅಂಗನವಾಡಿ, ಮದ್ರಸಾ ಅಂಗಳಗಳೇ ಆಧಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಶಾಲೆಗೂ ಆಟದ ಮೈದಾನವಿರಬೇಕು. ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೂ ಇರಬೇಕು. ಉರ್ದು ಶಾಲೆಯಿರಲಿ ಕನ್ನಡ ಶಾಲೆಯಿರಲಿ, ಆ ಸ್ಥಾನ ನಮ್ಮದು. ಸಭೆಗೆ ಹೋಗಿ ಸಹಿ ಹಾಕಿ ಬರುವುದಷ್ಟೇ ಅಲ್ಲ, "ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಬೇಡಿ, ಒಂದು ಮೂಲೆ ಮಣ್ಣಾಗಿಯೇ ಇರಲಿ, ನಾಲ್ಕು ಹೊಂಗೆ ನೆಡೋಣ" ಎಂದು ಹೇಳಬೇಕು. ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ರಾಜ್ಯ ಸರಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ಆರಂಭಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಅದರ ಅಂಗಳದಲ್ಲಿ ಮಕ್ಕಳು ಆಡುತ್ತಾರೆಯೇ ವಿಚಾರಿಸಿ.

ಪಟ್ಟಣಗಳ ಪಾರ್ಕು, ಮೈದಾನಗಳನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ರಕ್ಷಿಸಲು 1985ರ ರಾಜ್ಯ ಕಾಯ್ದೆಯೇ ಇದೆ. ಬಡಾವಣೆಯ ನಕ್ಷೆಯಲ್ಲಿ 'ಪಾರ್ಕ್' ಎಂದಿದ್ದ ಜಾಗ ಈಗ ಏನಾಗಿದೆ ಎಂದು ನಗರಸಭೆ, ಪುರಸಭೆಯಲ್ಲಿ ಕೇಳುವ ಹಕ್ಕು ನಮಗಿದೆ. ಈದ್ಗಾದ ಜಾಗದಲ್ಲಿ, ಸಫ್ ನಿಲ್ಲುವಲ್ಲಿ ಅಡ್ಡಿಯಾಗದಂತೆ ಅಂಚಿನುದ್ದಕ್ಕೂ ಬೇವು, ಹೊಂಗೆ ನೆಡಲು ಮೊಹಲ್ಲಾದ ಹಿರಿಯರನ್ನು ಕೇಳಿಕೊಳ್ಳಬಹುದು. ಹಬ್ಬಕ್ಕೆ ಬಂದವರಿಗೂ ನೆರಳು, ವರ್ಷವಿಡೀ ಮಕ್ಕಳಿಗೂ ನೆರಳು.

ಇಷ್ಟೆಲ್ಲ ಒಂದೇ ದಿನದಲ್ಲಿ ಆಗುವಂಥದ್ದಲ್ಲ. ಆದರೆ ಒಂದು ಕೆಲಸ ಇಂದೇ ಸಾಧ್ಯ. ಸಂಜೆ ಮಗು ಮನೆಗೆ ಬಂದಾಗ ಬಟ್ಟೆಯ ಕೊಳೆ ನೋಡಿ ಗದರುವ ಮೊದಲು ಕೇಳಿ: "ಇವತ್ತು ಎಲ್ಲಿ ಆಡಿದೆ ಕಂದಾ? ನಾಳೆ ನನಗೂ ತೋರಿಸ್ತೀಯಾ?" ಗದರಿದರೆ ಮಗು ಜಾಗವನ್ನು ಬಚ್ಚಿಡುತ್ತದೆ. ಪ್ರೀತಿಯಿಂದ ಕೇಳಿದರೆ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಹೋಗಿ ನೋಡಿ. ಅಲ್ಲಿ ನೀರಿದೆಯೇ, ಗುಂಡಿಯಿದೆಯೇ, ಕೊಳವೆಬಾವಿ ಇದೆಯೇ? ಅಲ್ಲಿ ಮಗುವಿಗೆ ಹಿಡಿಸಿದ್ದು ಏನು - ದಿಬ್ಬವೇ, ಮರವೇ, ಅವಿತುಕೊಳ್ಳುವ ಮೂಲೆಯೇ? ಅದೇ ವಸ್ತುವನ್ನು ಮನೆಯ ಹತ್ತಿರ, ನಮ್ಮ ಕಣ್ಣೆದುರು ಒದಗಿಸಿಕೊಡುವುದು ಹೇಗೆಂದು ಅಲ್ಲಿಂದಲೇ ಯೋಚಿಸಲು ಆರಂಭಿಸಿ.